ಬಯಲಿನಲ್ಲಿ ಬ್ರೇಕಿಗೇನು ಕೆಲಸ?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ವಿಜಯಪುರ ಜಿಲ್ಲೆಯ ಈ ನಾಲ್ಕು ಊರುಗಳ ಸುತ್ತಮುತ್ತ ಕಾರು ಇಟ್ಟುಕೊಂಡವರನ್ನು ಬ್ರೇಕಿನ ವಿಷಯ ಕೇಳಿ ನೋಡಿ. "ನಮ್ಮ ಕಡಿ ಘಟ್ಟ ಎಲ್ಲಿ ಐತ್ರಿ? ಬ್ರೇಕಿಗಿ ಏನ ಕೆಲಸ?" ಎಂಬ ಉತ್ತರ ಹತ್ತರಲ್ಲಿ ಐದು ಜನರಿಂದಲಾದರೂ ಬರುತ್ತದೆ. ಮಾತು ಮೇಲ್ನೋಟಕ್ಕೆ ಸರಿಯಾಗಿಯೇ ಇದೆ. ಕಣ್ಣು ಹಾಯುವಷ್ಟು ದೂರ ಎರೆಹೊಲ, ಅದರ ನಡುವೆ ಗೆರೆ ಎಳೆದಂತೆ ರಸ್ತೆ. ಆಗುಂಬೆಯ ತಿರುವುಗಳಾಗಲಿ, ಚಾರ್ಮಾಡಿಯ ಇಳಿಜಾರಾಗಲಿ ಇಲ್ಲಿಲ್ಲ. ಹಾಗಿರುವಾಗ ಬ್ರೇಕು ಸವೆಯುವುದಾದರೂ ಹೇಗೆ?

ಈ ಪ್ರಶ್ನೆಗೆ ಉತ್ತರ ಹುಡುಕುವುದೇ ಈ ಲೇಖನದ ಉದ್ದೇಶ. ತೆರೆಯ ಮೇಲೆ ಅರ್ಧ ಗಂಟೆಯ ಮಾತುಕತೆಯಲ್ಲಿ ಲೆಕ್ಕ ಬಿಡಿಸಿ ತೋರಿಸಲು ಸಮಯ ಸಾಲುವುದಿಲ್ಲ. ಆ ಲೆಕ್ಕಗಳನ್ನು ಇಲ್ಲಿ ನಿಧಾನವಾಗಿ ನೋಡೋಣ. ನಿಮ್ಮ ಬಳಿ ಕಾರು ಇಲ್ಲದಿರಬಹುದು, ಚಾಲನಾ ಪರವಾನಗಿಯ ವಯಸ್ಸೂ ಆಗಿರಲಿಕ್ಕಿಲ್ಲ. ಆದರೆ ಕಾಲೇಜಿಗೆ, ಜಾತ್ರೆಗೆ, ಮದುವೆಗೆ ಯಾರದೋ ಕಾರಿನಲ್ಲಿ, ಜೀಪಿನಲ್ಲಿ ಕುಳಿತು ಹೋಗುವವರು ನೀವು. ಆ ವಾಹನ ನಿಲ್ಲುತ್ತದೋ ಇಲ್ಲವೋ ಎಂಬುದು ನಿಮಗೂ ಸಂಬಂಧಿಸಿದ ವಿಷಯ.

ಎರಡು ದಿನ ಕಿರುಗುಟ್ಟಿದ ಚಕ್ರ

ಮೊದಲು ಒಂದು ಸ್ವಂತ ಅನುಭವ. ಕೆಲವು ವರ್ಷಗಳ ಹಿಂದೆ ಚಿತ್ರೀಕರಣಕ್ಕೆಂದು ನಾವು ನಾಲ್ವರು ಒಂದು ಬಾಡಿಗೆ ಕಾರಿನಲ್ಲಿ ಈ ತಾಲ್ಲೂಕುಗಳಲ್ಲಿ ಸುತ್ತುತ್ತಿದ್ದೆವು. ಮೊದಲನೆಯ ದಿನ ಬ್ರೇಕು ಒತ್ತಿದಾಗಲೆಲ್ಲ ಮುಂದಿನ ಚಕ್ರದಿಂದ ಕಿರ್ ಎಂಬ ಸಣ್ಣ ಸದ್ದು. "ಧೂಳು ಹೊಕ್ಕಿರಬೇಕು" ಎಂದರು ಚಾಲಕರು. ಎರಡನೆಯ ದಿನ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಮಿನುಗಿತು. ಅವರು ಬಾನೆಟ್ಟು ತೆರೆದು, ಬ್ರೇಕಿನ ದ್ರವ ಕಡಿಮೆಯಾದದ್ದನ್ನು ಕಂಡು, ಅಂಗಡಿಯಿಂದ ಒಂದು ಬಾಟಲಿ ತಂದು ಸುರಿದರು. ದೀಪ ಆರಿತು. ಮೂರನೆಯ ದಿನ ಬೆಳಿಗ್ಗೆ ಕಿರುಗುಟ್ಟುವ ಸದ್ದೂ ನಿಂತಿತ್ತು. "ನೋಡ್ರಿ, ತಾನ ಸರಿ ಆತು" ಎಂದು ಎಲ್ಲರೂ ನಕ್ಕೆವು. ನಕ್ಕವರಲ್ಲಿ ಬಿ.ಎಸ್ಸಿ. ಓದಿದ ನಾನೂ ಒಬ್ಬ.

ಅಂದು ಸಂಜೆ ಸಿಂದಗಿಯಿಂದ ಇಂಡಿಯ ಕಡೆಗೆ ಹೋಗುವಾಗ ಒಂದು ಕುರಿಹಿಂಡು ರಸ್ತೆಗೆ ಬಂತು. ಅದರ ಹಿಂದೆ ನಿಮ್ಮದೇ ವಯಸ್ಸಿನ ಒಬ್ಬ ಹುಡುಗ. ಚಾಲಕರು ಬ್ರೇಕು ಒತ್ತಿದರು. ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದ ಕರ್ಕಶ ಸದ್ದು ಬಂತು. ಪೆಡಲು ಹೆಚ್ಚುಕಡಿಮೆ ನೆಲ ಮುಟ್ಟಿತು. ಕಾರು ಎಡಕ್ಕೆ ಎಳೆದುಕೊಂಡು ರಸ್ತೆ ಬಿಟ್ಟು ಹೊಲಕ್ಕೆ ಇಳಿಯಿತು. ಮೆತ್ತನೆಯ ಎರೆಮಣ್ಣಿನಲ್ಲಿ ಚಕ್ರ ಹೂತು ನಿಂತೆವು. ಆ ಹುಡುಗನಿಗೂ ಕಾರಿಗೂ ನಡುವೆ ಉಳಿದದ್ದು ಎರಡು ಮಾರು.

ಮರುದಿನ ಮೆಕ್ಯಾನಿಕ್ ಚಕ್ರ ಬಿಚ್ಚಿ ತೋರಿಸಿದಾಗ ಬಲಗಡೆಯ ಮುಂದಿನ ಬ್ರೇಕಿನಲ್ಲಿ ಪ್ಯಾಡು ಎಂಬುದೇ ಉಳಿದಿರಲಿಲ್ಲ, ಅದರ ಬೆನ್ನಿನ ಉಕ್ಕಿನ ತಗಡು ಮಾತ್ರ ಇತ್ತು. ಸದ್ದು, ದೀಪ, ದ್ರವದ ಮಟ್ಟ, ಕೊನೆಗೆ ಸದ್ದು ನಿಂತದ್ದು, ಇವೆಲ್ಲ ಒಂದೇ ಸುದ್ದಿಯನ್ನು ನಾಲ್ಕು ಸಲ ಹೇಳಿದ್ದವು. ನಮಗೆ ಅರ್ಥವಾಗಲಿಲ್ಲ, ಅಷ್ಟೆ. ಏಕೆ ಹಾಗಾಯಿತು ಎಂಬುದನ್ನು ಮುಂದೆ ನೋಡೋಣ.

ಗೋಳಗುಮ್ಮಟದ ಅರ್ಧ ಎತ್ತರ

ಓಡುವ ಕಾರಿನಲ್ಲಿ ಚಲನಶಕ್ತಿ ಇರುತ್ತದೆ. ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದರೆ ಅದು ಸಿಗುತ್ತದೆ ಎಂದು ನೀವು ಕಲಿತಿದ್ದೀರಿ. ಜನರೂ ಸೇರಿ 1,000 ಕಿ.ಗ್ರಾಂ. ತೂಗುವ ಒಂದು ಸಣ್ಣ ಕಾರು ಗಂಟೆಗೆ 80 ಕಿ.ಮೀ. ವೇಗದಲ್ಲಿ ಹೋಗುತ್ತಿದೆ ಎನ್ನೋಣ. ಅಂದರೆ ಸೆಕೆಂಡಿಗೆ 22.2 ಮೀಟರ್. ಇದರ ವರ್ಗ ಸುಮಾರು 494. ಇದನ್ನು 500ರಿಂದ ಗುಣಿಸಿ. ಉತ್ತರ ಸುಮಾರು 2,47,000 ಜೂಲ್.

ಶಕ್ತಿ ನಾಶವಾಗುವುದಿಲ್ಲ, ರೂಪ ಬದಲಿಸುತ್ತದೆ. ಕಾರು ನಿಂತಾಗ ಈ 2,47,000 ಜೂಲ್‌ಗಳಲ್ಲಿ ಬಹುಪಾಲು ಬ್ರೇಕಿನಲ್ಲಿ ಉಷ್ಣವಾಗುತ್ತದೆ. ಇದು ಎಷ್ಟು ಉಷ್ಣ? ವಿಜಯಪುರದ ಬೇಸಿಗೆಯಲ್ಲಿ 40 ಡಿಗ್ರಿಗೆ ಕಾದ ಒಂದು ಲೀಟರ್ ನೀರನ್ನು ಕುದಿಯುವ ಹಂತಕ್ಕೆ ತರಲು ಬೇಕಾದದ್ದು ಸುಮಾರು 2,51,000 ಜೂಲ್. ಅಂದರೆ ಒಂದೇ ಒಂದು ಸಲ 80ರ ವೇಗದಿಂದ ಕಾರು ನಿಲ್ಲಿಸಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಕುದಿಸುವಷ್ಟು ಉಷ್ಣ ನಾಲ್ಕು ಚಕ್ರಗಳಲ್ಲಿ ಹುಟ್ಟುತ್ತದೆ. ಅದೂ ನಾಲ್ಕೈದು ಸೆಕೆಂಡುಗಳಲ್ಲಿ.

ಈಗ ಘಟ್ಟದ ಪ್ರಶ್ನೆಗೆ ಬರೋಣ. ಅದೇ ಕಾರು ವೇಗ ಹೆಚ್ಚಿಸದೆ, ಬ್ರೇಕು ಹಿಡಿದುಕೊಂಡೇ ಇಳಿಜಾರು ಇಳಿಯಿತೆನ್ನಿ. ಎಷ್ಟು ಎತ್ತರ ಇಳಿದರೆ ಬ್ರೇಕಿನಲ್ಲಿ ಇಷ್ಟೇ ಉಷ್ಣ ಹುಟ್ಟೀತು? ದ್ರವ್ಯರಾಶಿ, ಗುರುತ್ವ, ಎತ್ತರ ಈ ಮೂರನ್ನೂ ಗುಣಿಸಿ ಲೆಕ್ಕ ಮಾಡಿದರೆ ಉತ್ತರ ಸುಮಾರು 25 ಮೀಟರ್. ನಿಮ್ಮ ಜಿಲ್ಲೆಯ ಗೋಳಗುಮ್ಮಟದ ಎತ್ತರ ಸುಮಾರು 51 ಮೀಟರ್. ಬಯಲಿನಲ್ಲಿ 80ರ ವೇಗದಿಂದ ಒಮ್ಮೆ ಕಾರು ನಿಲ್ಲಿಸುವುದೂ, ಗುಮ್ಮಟದ ಅರ್ಧ ಎತ್ತರದಷ್ಟು ಇಳಿಜಾರನ್ನು ಬ್ರೇಕು ಹಿಡಿದು ಇಳಿಯುವುದೂ ಬ್ರೇಕಿನ ಪಾಲಿಗೆ ಒಂದೇ.

ಆದ್ದರಿಂದ ನೆನಪಿಡಬೇಕಾದ ಮಾತು ಇದು: ಬ್ರೇಕಿಗೆ ಘಟ್ಟ ಎಷ್ಟು ಭಾರವೋ ವೇಗವೂ ಅಷ್ಟೇ ಭಾರ. ಬಯಲಿನಲ್ಲಿ ರಸ್ತೆ ನೇರವಾಗಿರುವುದರಿಂದಲೇ ವೇಗ ಹೆಚ್ಚು. ಸಿಂದಗಿಯನ್ನೂ ನಿಡಗುಂದಿಯನ್ನೂ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 50, ಹೊರ್ತಿ, ಝಳಕಿಗಳ ಮೂಲಕ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿ 52, ಇವುಗಳ ಮೇಲೆ ಹೋಗುವ ಕಾರುಗಳನ್ನು ಗಮನಿಸಿ. ಹತ್ತು ಕಿ.ಮೀ. ದೂರ ಬ್ರೇಕು ಮುಟ್ಟದೆ ಓಡಿ, ಹಳ್ಳಿಯ ಅಂಚಿಗೆ ಬಂದಾಗ ಅಥವಾ ಚಕ್ಕಡಿ ಅಡ್ಡ ಬಂದಾಗ ಒಮ್ಮೆಲೇ ಪೂರ್ತಿ ಬಲ ಕೇಳುತ್ತವೆ. ಘಟ್ಟದ ಚಾಲಕನಿಗೆ ತಿರುವಿಗೊಮ್ಮೆ ಬ್ರೇಕಿನ ಸ್ಥಿತಿ ಕಾಲಿಗೆ ತಿಳಿಯುತ್ತದೆ. ಬಯಲಿನ ಚಾಲಕನಿಗೆ ಅದು ತಿಳಿಯುವುದು ಬೇಕಾದ ಆ ಒಂದು ಕ್ಷಣದಲ್ಲಿ ಮಾತ್ರ.

ನಿಲ್ಲಲು ಎಷ್ಟು ದೂರ ಬೇಕು?

ಅಪಾಯ ಕಂಡು ಕಾಲು ಪೆಡಲಿಗೆ ಹೋಗಲು ಸುಮಾರು ಒಂದು ಸೆಕೆಂಡು ಬೇಕು. 80ರ ವೇಗದಲ್ಲಿ ಅಷ್ಟರೊಳಗೆ ಕಾರು 22 ಮೀಟರ್ ಮುಂದೆ ಹೋಗಿರುತ್ತದೆ. ಒಣ ಡಾಂಬರಿನ ಮೇಲೆ ಒಳ್ಳೆಯ ಬ್ರೇಕು ಸೆಕೆಂಡಿಗೆ 7 ಮೀಟರಿನಂತೆ ವೇಗ ತಗ್ಗಿಸುತ್ತದೆ ಎಂದಿಟ್ಟುಕೊಂಡರೆ ನಿಲ್ಲಲು ಇನ್ನೂ 35 ಮೀಟರ್. ಒಟ್ಟು 57 ಮೀಟರ್. ವೇಗ 40 ಆಗಿದ್ದರೆ ಇದೇ ಲೆಕ್ಕದಲ್ಲಿ 11 ಮತ್ತು 9, ಒಟ್ಟು 20 ಮೀಟರ್ ಸಾಕು. ವೇಗ ಎರಡು ಪಟ್ಟಾದರೆ ಬ್ರೇಕು ಹಿಡಿದ ಮೇಲಿನ ದೂರ ನಾಲ್ಕು ಪಟ್ಟಾಗುವುದನ್ನು ಗಮನಿಸಿ.

ಈಗ ಬ್ರೇಕು ಸವೆದು ಅದರ ಬಲ ಅರ್ಧಕ್ಕೆ ಇಳಿದಿದೆ ಎನ್ನೋಣ. 35 ಮೀಟರ್ ಇದ್ದದ್ದು 70 ಆಗುತ್ತದೆ. ಇನ್ನೊಂದು ರೀತಿಯಲ್ಲಿ ಹೇಳುವುದಾದರೆ, ಒಳ್ಳೆಯ ಬ್ರೇಕಿನ ಕಾರು ಎಲ್ಲಿ ಪೂರ್ತಿ ನಿಂತಿದೆಯೋ ಆ ಜಾಗದಲ್ಲಿ ಸವೆದ ಬ್ರೇಕಿನ ಕಾರು ಇನ್ನೂ ಗಂಟೆಗೆ 57 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ. ಆ ಜಾಗದಲ್ಲಿ ಒಬ್ಬ ಹುಡುಗ ನಿಂತಿದ್ದರೆ? ಈ ಒಂದು ಸಂಖ್ಯೆಗಾಗಿಯೇ ಇಷ್ಟೆಲ್ಲ ಲೆಕ್ಕ ಮಾಡಿದ್ದು.

ಬ್ರೇಕಿನ ಒಳಗೆ

ನಿಮ್ಮ ಸೈಕಲ್ಲಿನ ಬ್ರೇಕು ನೋಡಿದ್ದೀರಿ. ಎರಡು ರಬ್ಬರ್ ತುಂಡುಗಳು ಗಾಲಿಯ ಅಂಚನ್ನು ಎರಡೂ ಕಡೆಯಿಂದ ಹಿಡಿಯುತ್ತವೆ. ಕಾರಿನ ಡಿಸ್ಕ್ ಬ್ರೇಕು ಇದೇ ತತ್ತ್ವದ್ದು. ಚಕ್ರದ ಜೊತೆ ತಿರುಗುವ ಕಬ್ಬಿಣದ ತಟ್ಟೆಯನ್ನು ಎರಡು ಪ್ಯಾಡುಗಳು ಚಿಮಟದಂತೆ ಹಿಡಿಯುತ್ತವೆ. ಡಿಸ್ಕ್ ಬ್ರೇಕಿಗೆ ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲಿಯೇ ಪೇಟೆಂಟ್ ಪಡೆದಿದ್ದ. ಡ್ರಮ್ ಬ್ರೇಕಿನಲ್ಲಿ ಇದರ ತಿರುಗುಮುರುಗು: ತಿರುಗುವ ಡಬ್ಬಿಯ ಒಳಮೈಯನ್ನು ಅರ್ಧಚಂದ್ರಾಕಾರದ ಎರಡು ಷೂಗಳು ಒಳಗಿನಿಂದ ಹೊರಕ್ಕೆ ಒತ್ತುತ್ತವೆ. ನಮ್ಮ ಬಹುತೇಕ ಸಣ್ಣ ಕಾರುಗಳಲ್ಲಿ ಮುಂದೆ ಡಿಸ್ಕ್, ಹಿಂದೆ ಡ್ರಮ್ ಇರುತ್ತವೆ. ಬ್ರೇಕು ಹಿಡಿದಾಗ ಕಾರಿನ ಭಾರ ಮುಂದಕ್ಕೆ ವಾಲುವುದರಿಂದ ಹೆಚ್ಚಿನ ಕೆಲಸ ಮುಂದಿನ ಬ್ರೇಕುಗಳದ್ದೇ. ಅದಕ್ಕಾಗಿಯೇ ಅವು ಬೇಗ ಸವೆಯುತ್ತವೆ.

ಕಾಲಿನ ಬಲ ಚಕ್ರಕ್ಕೆ ತಲುಪುವುದು ಪ್ಯಾಸ್ಕಲ್ ನಿಯಮದಿಂದ. ಕಾಲು 20 ಕಿ.ಗ್ರಾಂ. ಭಾರದಷ್ಟು ಒತ್ತಿತೆನ್ನಿ. ಪೆಡಲು ಒಂದು ಸನ್ನೆಕೋಲು, ಅದು ಬಲವನ್ನು ನಾಲ್ಕು ಪಟ್ಟು ಮಾಡಿದರೆ 80. ಮಾಸ್ಟರ್ ಸಿಲಿಂಡರಿನ ವಿಸ್ತೀರ್ಣ 3 ಚದರ ಸೆಂ.ಮೀ., ಚಕ್ರದ ಬಳಿಯ ಪಿಸ್ಟನ್ನಿನದು 18 ಚದರ ಸೆಂ.ಮೀ. ಆದರೆ ಬಲ ಮತ್ತೆ ಆರು ಪಟ್ಟಾಗಿ 480 ಕಿ.ಗ್ರಾಂ. ಭಾರದಷ್ಟಾಗುತ್ತದೆ. ಇದರ ಮೇಲೆ ಎಂಜಿನ್ನಿನ ನಿರ್ವಾತವನ್ನು ಬಳಸಿ ಕಾಲಿಗೆ ನೆರವಾಗುವ ಬೂಸ್ಟರ್ ಬೇರೆ ಇರುತ್ತದೆ. ಪೆಟ್ರೋಲು ಉಳಿಸಲೆಂದು ಎಂಜಿನ್ ಆರಿಸಿ ಗಾಡಿ ಬಿಡುವವರು ಈ ನೆರವನ್ನೂ ಆರಿಸುತ್ತಾರೆ. ಒಂದೆರಡು ಸಲ ಒತ್ತಿದ ಮೇಲೆ ಪೆಡಲು ಕಲ್ಲಿನಂತಾಗುತ್ತದೆ.

ಈ ಏರ್ಪಾಡೆಲ್ಲ ನಿಂತಿರುವುದು ಒಂದು ಗುಣದ ಮೇಲೆ: ದ್ರವವನ್ನು ಒತ್ತಿ ಕುಗ್ಗಿಸಲಾಗದು. ಗಾಳಿಯನ್ನು ಅಥವಾ ಆವಿಯನ್ನು ಕುಗ್ಗಿಸಬಹುದು. ಕೊಳವೆಯಲ್ಲಿ ಒಂದು ಗುಳ್ಳೆ ಸೇರಿದರೂ ಕಾಲಿನ ಒತ್ತಡ ಆ ಗುಳ್ಳೆಯನ್ನು ಹಿಸುಕುವುದರಲ್ಲೇ ಕಳೆದುಹೋಗುತ್ತದೆ.

ಬ್ರೇಕಿನ ದ್ರವಕ್ಕೂ ವಯಸ್ಸಿದೆ

ಗುಳ್ಳೆ ಹೇಗೆ ಬರುತ್ತದೆ? ಸಾಮಾನ್ಯವಾಗಿ ಬಳಸುವ ಡಾಟ್ 3, ಡಾಟ್ 4 ದರ್ಜೆಯ ಬ್ರೇಕ್ ದ್ರವಗಳು ಗಾಳಿಯ ತೇವವನ್ನು ಹೀರಿಕೊಳ್ಳುತ್ತವೆ. ಹೊಸ ಡಾಟ್ 3 ದ್ರವ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನಕ. ತೇವ ಹೀರಿದ ಮೇಲೆ ಈ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಈ ಸಂಖ್ಯೆಗಳು 230 ಮತ್ತು 155.

ಉಷ್ಣದ ಲೆಕ್ಕವನ್ನು ಇಲ್ಲಿ ಜೋಡಿಸಿ. 80ರಿಂದ ಒಮ್ಮೆ ನಿಲ್ಲಿಸಿದಾಗ ಹುಟ್ಟುವ ಉಷ್ಣದಲ್ಲಿ ನೂರಕ್ಕೆ 70 ಪಾಲು ಮುಂದಿನ ಎರಡು ತಟ್ಟೆಗಳಿಗೆ ಹೋಯಿತೆನ್ನಿ. ತಟ್ಟೆಯೊಂದು ನಾಲ್ಕು ಕಿ.ಗ್ರಾಂ. ತೂಗಿದರೆ ಅದರ ಉಷ್ಣತೆ ಒಂದೇ ನಿಲುಗಡೆಗೆ ಸುಮಾರು 50 ಡಿಗ್ರಿ ಏರುತ್ತದೆ. ತಣಿಯಲು ಬಿಡದೆ ಮೂರು ನಾಲ್ಕು ಸಲ ಹೀಗೆ ಮಾಡಿದರೆ, ಅದೂ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ, ತಟ್ಟೆ 200 ಡಿಗ್ರಿ ದಾಟುತ್ತದೆ. ಪ್ಯಾಡು ದಪ್ಪವಾಗಿದ್ದರೆ ಈ ಕಾವನ್ನು ತಡೆದು ಹಿಡಿಯುತ್ತದೆ. ತೆಳುವಾಗಿದ್ದರೆ ಕಾವು ಬೇಗನೆ ಪಿಸ್ಟನ್ನಿಗೆ, ಅಲ್ಲಿಂದ ದ್ರವಕ್ಕೆ ಇಳಿಯುತ್ತದೆ. ಹಳೆಯ ದ್ರವ, ತೆಳುವಾದ ಪ್ಯಾಡು, ಬೇಸಿಗೆ, ವೇಗ ಈ ನಾಲ್ಕೂ ಸೇರಿದ ದಿನ ದ್ರವ ಕುದ್ದು ಆವಿಯಾಗುತ್ತದೆ, ಪೆಡಲು ಕೆಳಗೆ ಕೂರುತ್ತದೆ.

ಸವೆತದ ಗುರುತುಗಳು

ಬ್ರೇಕು ಹೇಳದೆ ಕೇಳದೆ ಕೈಕೊಡುವುದು ಅಪರೂಪ. ಅದು ಮೊದಲೇ ಸೂಚನೆ ಕೊಡುತ್ತದೆ. ಕಿವಿ, ಕಾಲು, ಕಣ್ಣು, ಮೂಗು ಈ ನಾಲ್ಕರಿಂದಲೂ ಅದನ್ನು ಗ್ರಹಿಸಬಹುದು.

ಕಿವಿಗೆ: ಅನೇಕ ಪ್ಯಾಡುಗಳಲ್ಲಿ ಒಂದು ಸಣ್ಣ ಉಕ್ಕಿನ ನಾಲಗೆ ಇರುತ್ತದೆ. ಪ್ಯಾಡು ಸವೆದು ಮಿತಿಗೆ ಬಂದಾಗ ಅದು ತಟ್ಟೆಗೆ ತಾಗಿ ಕಿರುಗುಟ್ಟುತ್ತದೆ. ಇದು ತಯಾರಕರೇ ಇಟ್ಟಿರುವ ಎಚ್ಚರಿಕೆಯ ಗಂಟೆ. ಮಳೆ ಬಂದ ಮರುದಿನ ಬೆಳಿಗ್ಗೆ ತುಕ್ಕಿನಿಂದಾಗಿ ಒಂದೆರಡು ಸಲ ಸದ್ದು ಬಂದು ನಿಂತರೆ ಚಿಂತೆಯಿಲ್ಲ. ದಿನವಿಡೀ ಬಂದರೆ ಪ್ಯಾಡು ನೋಡಿಸಬೇಕು. ಆ ನಾಲಗೆ ತೇದು ಅಥವಾ ಮುರಿದುಹೋದರೆ ಸದ್ದು ನಿಲ್ಲುತ್ತದೆ. ನಾವು ನಕ್ಕದ್ದು ಅಂಥ ಬೆಳಿಗ್ಗೆಯೇ. ಅದರ ನಂತರ ಬರುವುದು ಗರಗರ ಎಂಬ ಉಜ್ಜುವ ಸದ್ದು. ಅಷ್ಟರಲ್ಲಿ ತಟ್ಟೆಯೂ ಹಾಳಾಗುತ್ತಿರುತ್ತದೆ.

ಕಾಲಿಗೆ: ಪೆಡಲು ಸ್ಪಂಜಿನಂತೆ ಮೆತ್ತಗಿದ್ದರೆ ಕೊಳವೆಯಲ್ಲಿ ಗಾಳಿ ಅಥವಾ ಆವಿ ಸೇರಿದೆ. ಒತ್ತಿ ಹಿಡಿದರೆ ನಿಧಾನವಾಗಿ ಕೆಳಗಿಳಿಯುತ್ತಿದ್ದರೆ ಎಲ್ಲೋ ಸೋರಿಕೆ ಇದೆ ಅಥವಾ ಮಾಸ್ಟರ್ ಸಿಲಿಂಡರಿನ ರಬ್ಬರು ಸವೆದಿದೆ. ಬಹಳ ಗಟ್ಟಿಯಾಗಿದ್ದರೆ ಬೂಸ್ಟರಿನ ನೆರವು ಸಿಗುತ್ತಿಲ್ಲ. ಒತ್ತಿದಾಗ ಪೆಡಲು ಮಿಡಿಯುತ್ತಿದ್ದರೆ ತಟ್ಟೆಯ ದಪ್ಪ ಎಲ್ಲ ಕಡೆ ಒಂದೇ ಸಮ ಇಲ್ಲ. ಆದರೆ ಎ.ಬಿ.ಎಸ್. ಇರುವ ಕಾರಿನಲ್ಲಿ ಜೋರಾಗಿ ಬ್ರೇಕು ಹಿಡಿದಾಗ ಪೆಡಲು ನಡುಗುವುದು ಸಹಜ. ಆಗ ಕಾಲು ತೆಗೆಯಬಾರದು. ಬ್ರೇಕು ಹಿಡಿದಾಗ ಕಾರು ಒಂದು ಕಡೆಗೆ ಎಳೆದರೆ ಇನ್ನೊಂದು ಕಡೆಯ ಬ್ರೇಕು ಕೆಲಸ ಮಾಡುತ್ತಿಲ್ಲ ಎಂದು ಶಂಕಿಸಿ. ನಮ್ಮ ಕಾರು ಎಡಕ್ಕೆ ಎಳೆದದ್ದು ಬಲಗಡೆಯ ಪ್ಯಾಡು ಸತ್ತಿದ್ದರಿಂದ.

ಕಣ್ಣಿಗೆ: ಬಾನೆಟ್ಟಿನ ಕೆಳಗೆ ಬ್ರೇಕ್ ದ್ರವದ ಅರೆಪಾರದರ್ಶಕ ಡಬ್ಬಿ ಇರುತ್ತದೆ. ಅದರ ಮೇಲೆ ಗರಿಷ್ಠ, ಕನಿಷ್ಠ ಮಟ್ಟದ ಗೆರೆಗಳಿರುತ್ತವೆ. ಪ್ಯಾಡು ಸವೆದಂತೆ ಪಿಸ್ಟನ್ ಮುಂದೆ ಸರಿಯುತ್ತದೆ, ಆ ಖಾಲಿ ಜಾಗವನ್ನು ದ್ರವ ತುಂಬುತ್ತದೆ, ಡಬ್ಬಿಯಲ್ಲಿ ಮಟ್ಟ ಇಳಿಯುತ್ತದೆ. ಆದ್ದರಿಂದ ಮಟ್ಟ ಇಳಿದಿದ್ದರೆ ಅರ್ಥ ಎರಡೇ: ಪ್ಯಾಡು ಸವೆದಿದೆ, ಇಲ್ಲವೇ ದ್ರವ ಸೋರುತ್ತಿದೆ. ಕಾರಣ ಕೇಳದೆ ದ್ರವ ಸುರಿಯುವುದೆಂದರೆ ಜ್ವರ ಬಂದವನ ಕೈಯಿಂದ ಥರ್ಮಾಮೀಟರ್ ಕಸಿದುಕೊಂಡಂತೆ. ನಮ್ಮ ಚಾಲಕರು ಮಾಡಿದ್ದು ಇದನ್ನೇ. ದ್ರವ ಹೊಸದಾಗಿದ್ದಾಗ ತಿಳಿಹಳದಿ, ಹಳೆಯದಾದಾಗ ಚಹಾದಂತೆ ಕಂದು. ಆದರೆ ಬಣ್ಣವೊಂದನ್ನೇ ನಂಬಬೇಡಿ, ಎಷ್ಟು ವರ್ಷದ್ದು ಎಂದು ಕೇಳಿ. ಚಕ್ರದ ಸಂದಿನಿಂದ ಪ್ಯಾಡಿನ ದಪ್ಪ ಎಷ್ಟೋ ಕಾರುಗಳಲ್ಲಿ ಕಾಣುತ್ತದೆ. ಹೊಸ ಪ್ಯಾಡಿನ ಉಜ್ಜುವ ಪದರ ಸುಮಾರು 10 ಮಿ.ಮೀ. ಇರುತ್ತದೆ. 3 ಮಿ.ಮೀ.ಗೆ ಬಂದರೆ ಬದಲಾಯಿಸಬೇಕು. ಚಕ್ರದ ಒಳಮಗ್ಗುಲಲ್ಲಿ ಎಣ್ಣೆಯಂಥ ಜಿಡ್ಡು ಹರಿದ ಗುರುತು ಕಂಡರೆ ಆ ಗಾಡಿ ಗ್ಯಾರೇಜಿಗಲ್ಲದೆ ಬೇರೆಲ್ಲಿಗೂ ಹೋಗಬಾರದು.

ಮೂಗಿಗೆ: ಓಡಿ ಬಂದು ನಿಂತ ಕಾರಿನ ಒಂದು ಚಕ್ರದಿಂದ ಮಾತ್ರ ಸುಟ್ಟ ವಾಸನೆ ಬಂದು, ಆ ಚಕ್ರದ ಬಳಿ ಕಾವು ಹೊಡೆಯುತ್ತಿದ್ದರೆ ಅಲ್ಲಿಯ ಬ್ರೇಕು ಬಿಡದೆ ಹಿಡಿದುಕೊಂಡಿದೆ. ಕೈ ಹತ್ತಿರ ಒಯ್ದು ನೋಡಿ, ಮುಟ್ಟಬೇಡಿ.

ಎರೆಮಣ್ಣು ಮಾಡುವ ಕೆಲಸ

ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎಂದು ಈ ಭಾಗದಲ್ಲಿ ಹೇಳುತ್ತಾರೆ. ಜೋಳಕ್ಕೆ ವರವಾದ ಆ ಎರೆಮಣ್ಣು ಬ್ರೇಕಿಗೆ ಮಾತ್ರ ತೊಂದರೆ ಕೊಡುತ್ತದೆ. ಬೇಸಿಗೆಯಲ್ಲಿ ಅದು ನುಣ್ಣನೆಯ ಧೂಳಾಗಿ ಡ್ರಮ್ಮಿನ ಒಳಗೆ ಸೇರುತ್ತದೆ. ಮಳೆಯಲ್ಲಿ ಅಂಟಾಗಿ ಚಕ್ರದ ಒಳಗೆ ಮೆತ್ತಿಕೊಂಡು ಒಣಗಿ ಗಟ್ಟಿಯಾಗುತ್ತದೆ. ಡಿಸ್ಕ್ ಬ್ರೇಕಿನ ಚಿಮಟ ಅತ್ತಿತ್ತ ಸರಿಯಲು ಎರಡು ಜಾರುಗೂಟಗಳಿರುತ್ತವೆ. ಅವುಗಳ ರಬ್ಬರು ಹರಿದು ಮಣ್ಣು, ನೀರು ಸೇರಿದರೆ ಗೂಟ ತುಕ್ಕು ಹಿಡಿದು ಬಿಗಿಯುತ್ತದೆ. ಆಗ ಒಂದು ಕಡೆಯ ಪ್ಯಾಡು ಮಾತ್ರ ಉಜ್ಜಿ ಉಜ್ಜಿ ಮುಗಿಯುತ್ತದೆ, ಇನ್ನೊಂದು ಹೊಸದರಂತೆಯೇ ಇರುತ್ತದೆ. ಹೊರಗಿನಿಂದ ನೋಡಿದವರಿಗೆ ಕಾಣುವುದು ಹೊರಗಿನ ಪ್ಯಾಡು ಮಾತ್ರ! ಆದ್ದರಿಂದ ಒಳಗಿನ ಪ್ಯಾಡನ್ನೂ ನೋಡಲು ಹೇಳಬೇಕು.

ತಿಂಗಳುಗಟ್ಟಲೆ ನಿಲ್ಲಿಸಿಟ್ಟ ಕಾರಿಗೂ ಇದೇ ಗತಿ. ಹ್ಯಾಂಡ್‌ಬ್ರೇಕು ಎಳೆದೇ ಬಿಟ್ಟರೆ ಷೂಗಳು ಡ್ರಮ್ಮಿಗೆ ಅಂಟಿಕೊಳ್ಳಬಹುದು. ಸಮತಟ್ಟಾದ ಜಾಗದಲ್ಲಿ ಬಹಳ ದಿನ ನಿಲ್ಲಿಸುವುದಾದರೆ ಗಾಡಿಯನ್ನು ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಡುವುದು ಮೇಲು. ಹಳ್ಳದ ನೀರು ದಾಟಿದ ಮೇಲೆ ನಿಧಾನವಾಗಿ ಹೋಗುತ್ತ ಪೆಡಲನ್ನು ಹಗುರಾಗಿ ನಾಲ್ಕೈದು ಸಲ ಒತ್ತಿದರೆ ಬ್ರೇಕು ಒಣಗುತ್ತದೆ.

ಇನ್ನೊಂದು ಮಾತು ರೈತರ ಮನೆಯ ಮಕ್ಕಳಿಗೆ. ಭೀಮಾ, ಕೃಷ್ಣಾ ತೀರದ ಕಬ್ಬು ಹೊತ್ತ ಟ್ರ್ಯಾಕ್ಟರುಗಳನ್ನು ನೀವು ನೋಡುತ್ತೀರಿ. ಎಷ್ಟೋ ಟ್ರೇಲರುಗಳಿಗೆ ಪ್ರತ್ಯೇಕ ಬ್ರೇಕು ಇರುವುದಿಲ್ಲ. ಅಷ್ಟೂ ಭಾರದ ಚಲನಶಕ್ತಿಯನ್ನು ಟ್ರ್ಯಾಕ್ಟರಿನ ಬ್ರೇಕೇ ತಿನ್ನಬೇಕು. ಟ್ರ್ಯಾಕ್ಟರಿಗೆ ಎಡ, ಬಲ ಚಕ್ರಗಳಿಗೆ ಬೇರೆ ಬೇರೆ ಪೆಡಲು ಇರುವುದು ಹೊಲದಲ್ಲಿ ತಿರುಗಿಸಲು. ರಸ್ತೆಗೆ ಬರುವ ಮುನ್ನ ಎರಡನ್ನೂ ಕೊಂಡಿಯಿಂದ ಜೋಡಿಸಬೇಕು. ಜೋಡಿಸದೆ ಒಂದನ್ನೇ ಒತ್ತಿದರೆ ಟ್ರ್ಯಾಕ್ಟರು ಪಲ್ಟಿಯಾಗಬಹುದು.

ಪಾಲನೆಯ ಕ್ರಮ

ಬಯಲಿನಲ್ಲಿ ಬ್ರೇಕಿನ ಬಳಕೆ ಕಡಿಮೆ ಎಂದಾದರೆ ಸೂಚನೆಗಳೂ ಕಡಿಮೆ ಸಲ ಕಿವಿಗೆ ಬೀಳುತ್ತವೆ. ಆದ್ದರಿಂದ ಇಲ್ಲಿ ಕ್ಯಾಲೆಂಡರನ್ನು ನೋಡಿ ಪರೀಕ್ಷಿಸಬೇಕು. ತಿಂಗಳಿಗೊಮ್ಮೆ ದ್ರವದ ಮಟ್ಟ ನೋಡುವುದು. ಮಳೆಗಾಲದ ಮೊದಲು ಒಮ್ಮೆ, ನಂತರ ಒಮ್ಮೆ ಚಕ್ರ ಬಿಚ್ಚಿಸಿ ಪ್ಯಾಡು, ಷೂ, ಜಾರುಗೂಟ, ರಬ್ಬರ್ ಕೊಳವೆ ಇವುಗಳನ್ನು ನೋಡಿಸುವುದು. ಎರಡು ವರ್ಷಕ್ಕೊಮ್ಮೆ, ಅಥವಾ ಕಾರಿನ ಕೈಪಿಡಿ ಹೇಳಿದಂತೆ, ದ್ರವವನ್ನು ಪೂರ್ತಿ ಬದಲಾಯಿಸಿ ಗಾಳಿ ತೆಗೆಸುವುದು. ಪ್ಯಾಡುಗಳನ್ನು ಎಡ, ಬಲ ಎರಡೂ ಚಕ್ರಗಳಿಗೆ ಒಟ್ಟಿಗೇ ಹಾಕಿಸಬೇಕು. ಹೊಸ ಪ್ಯಾಡು ಹಾಕಿದ ಮೊದಲ ಕೆಲವು ನೂರು ಕಿ.ಮೀ. ಜೋರಾಗಿ ಬ್ರೇಕು ಹಿಡಿಯುವ ಸಂದರ್ಭ ತಂದುಕೊಳ್ಳಬಾರದು. ಅದು ತಟ್ಟೆಗೆ ಹೊಂದಿಕೊಳ್ಳಬೇಕು.

ದ್ರವದ ಜಾಗದಲ್ಲಿ ಎಂಜಿನ್ ಆಯಿಲ್ಲಾಗಲಿ, ಸೀಮೆಎಣ್ಣೆಯಾಗಲಿ ಒಂದು ಹನಿಯೂ ಬೀಳಬಾರದು. ಒಳಗಿನ ರಬ್ಬರುಗಳು ಉಬ್ಬಿ ಹಾಳಾಗುತ್ತವೆ. ಹಿಂದಿನ ವರ್ಷ ತೆರೆದಿಟ್ಟ ಬಾಟಲಿಯ ದ್ರವವನ್ನೂ ಬಳಸಬಾರದು, ಅದಾಗಲೇ ತೇವ ಕುಡಿದಿರುತ್ತದೆ. ಗ್ಯಾರೇಜಿನಲ್ಲಿ ಡ್ರಮ್ಮಿನ ಧೂಳನ್ನು ಬಾಯಿಯಿಂದ ಊದುವುದು, ಗಾಳಿಯಂತ್ರದಿಂದ ಹಾರಿಸುವುದು ಬಹಳ ಕಡೆ ರೂಢಿ. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರಬಹುದು. ಅದರ ಎಳೆಗಳು ಶ್ವಾಸಕೋಶ ಸೇರಿದರೆ ಕ್ಯಾನ್ಸರಿಗೆ ಕಾರಣವಾಗಬಲ್ಲವು. ಒದ್ದೆ ಬಟ್ಟೆಯಿಂದ ಒರೆಸುವುದೇ ಸರಿಯಾದ ಕ್ರಮ. ನಿಮ್ಮ ಗೆಳೆಯರಾರಾದರೂ ರಜೆಯಲ್ಲಿ ಗ್ಯಾರೇಜಿಗೆ ಹೋಗುತ್ತಿದ್ದರೆ ಇದನ್ನು ಅವಶ್ಯ ಹೇಳಿ.

ಪೆಡಲು ಕೆಳಗೆ ಹೋದರೆ

ಓಡುವಾಗ ಪೆಡಲು ಒಮ್ಮೆಲೇ ಕೆಳಗೆ ಕೂತರೆ ಏನು ಮಾಡಬೇಕು? ಪೆಡಲನ್ನು ಬೇಗ ಬೇಗ ಹಲವು ಸಲ ಒತ್ತಬೇಕು. ಈಗಿನ ಕಾರುಗಳಲ್ಲಿ ದ್ರವಕ್ಕೆ ಎರಡು ಬೇರೆ ಬೇರೆ ಮಾರ್ಗಗಳಿರುತ್ತವೆ, ಒಂದು ಸೋತರೂ ಇನ್ನೊಂದು ಸ್ವಲ್ಪ ಹಿಡಿಯುತ್ತದೆ. ಗೇರನ್ನು ಒಂದೊಂದಾಗಿ ಇಳಿಸಿದರೆ ಎಂಜಿನ್ನೇ ವೇಗ ತಗ್ಗಿಸುತ್ತದೆ. ಹ್ಯಾಂಡ್‌ಬ್ರೇಕನ್ನು ನಿಧಾನವಾಗಿ ಎಳೆಯಬೇಕು, ಒಮ್ಮೆಲೇ ಎಳೆದರೆ ಹಿಂದಿನ ಚಕ್ರ ಜಾರುತ್ತದೆ. ಎಂಜಿನ್ ಆರಿಸಬಾರದು. ಹಾರ್ನ್ ಒತ್ತುತ್ತಿರಬೇಕು. ಎ.ಬಿ.ಎಸ್. ಇದೆ ಎಂದು ಮೈಮರೆಯುವುದೂ ಬೇಡ. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಅದು ಕಡ್ಡಾಯವಾಗಿದೆ. ಚಕ್ರ ಜಾರದಂತೆ ನೋಡಿಕೊಳ್ಳುವುದು ಅದರ ಕೆಲಸ, ಸವೆದ ಪ್ಯಾಡಿಗೆ ಜೀವ ಕೊಡುವುದು ಅದಕ್ಕೆ ಸಾಧ್ಯವಿಲ್ಲ.

ನೀವೇ ಮಾಡಿ ನೋಡಿ

ಸೂಜಿ ಇಲ್ಲದ ಎರಡು ಹೊಸ ಸಿರಿಂಜುಗಳನ್ನು ತೆಗೆದುಕೊಳ್ಳಿ, ಒಂದು 2 ಮಿ.ಲೀ., ಇನ್ನೊಂದು 10 ಮಿ.ಲೀ. ನಡುವೆ ಒಂದು ತೆಳುವಾದ ಪ್ಲಾಸ್ಟಿಕ್ ಕೊಳವೆ ಜೋಡಿಸಿ. ಗುಳ್ಳೆ ಇಲ್ಲದಂತೆ ನೀರು ತುಂಬಿ. ಸಣ್ಣದನ್ನು ನೀವು ಒತ್ತಿ, ದೊಡ್ಡದನ್ನು ಗೆಳೆಯ ತಡೆಯಲಿ. ಯಾರು ಗೆಲ್ಲುತ್ತಾರೆ ನೋಡಿ. ಆಮೇಲೆ ಕೊಳವೆಯೊಳಗೆ ಬೇಕೆಂದೇ ಒಂದಿಷ್ಟು ಗಾಳಿ ಬಿಟ್ಟು ಮತ್ತೆ ಒತ್ತಿ. ಬೆರಳಿಗೆ ಆಗುವ ಆ ಮೆತ್ತನೆಯ ಅನುಭವವೇ ಸ್ಪಂಜಿನಂಥ ಪೆಡಲು. ಒಮ್ಮೆ ಬೆರಳಿನಿಂದ ತಿಳಿದರೆ ಜೀವಮಾನದಲ್ಲಿ ಮರೆಯುವುದಿಲ್ಲ. ಕಾರಿನ ಬ್ರೇಕನ್ನು ಮಾತ್ರ ನೀವಾಗಿ ಬಿಚ್ಚಬೇಡಿ. ನೋಡುವುದು, ಕೇಳುವುದು, ಹೇಳುವುದು ನಿಮ್ಮ ಕೆಲಸ. ಬಿಚ್ಚುವುದು ಬಲ್ಲವರ ಕೆಲಸ.

ಹೇಳುವುದು ಏಕೆ ಮುಖ್ಯವೆಂದರೆ, ಬಾಡಿಗೆಯ ವಾಹನಗಳು ನಿಗದಿತ ಅವಧಿಗೊಮ್ಮೆ ಅರ್ಹತಾ ಪತ್ರ ಪಡೆಯಬೇಕು. ಸ್ವಂತ ಕಾರಿನ ನೋಂದಣಿಯಾದರೆ 15 ವರ್ಷ ನಡೆಯುತ್ತದೆ. ಆ 15 ವರ್ಷ ಅದರ ಬ್ರೇಕನ್ನು ಪರೀಕ್ಷಿಸಲೇಬೇಕೆಂಬ ಕಟ್ಟಳೆ ಇಲ್ಲ. ಪರೀಕ್ಷಕ ಎಂದರೆ ಅದರ ಮಾಲೀಕ, ಅಥವಾ ಅದರಲ್ಲಿ ಕುಳಿತ ನೀವು. ಮುಂದಿನ ಸಲ ಕಾರಿನಲ್ಲಿ ಹೋಗುವಾಗ, ಊರಿನ ಅಂಚಿನಲ್ಲಿ ಬ್ರೇಕು ಹಿಡಿದ ಕ್ಷಣ ಸ್ವಲ್ಪ ಕಿವಿಗೊಡಿ. ಕಿರುಗುಟ್ಟುವ ಸದ್ದು ಕೇಳಿದರೆ ಸಂಕೋಚ ಬಿಟ್ಟು ಹೇಳಿ. "ಧೂಳು ಹೊಕ್ಕಿರಬೇಕು" ಎಂದು ಯಾರಾದರೂ ಅಂದರೆ, ಚಕ್ರ ಬಿಚ್ಚಿ ನೋಡಿಯೇ ಬಿಡೋಣ ಎನ್ನಿ. ಅಂದು ನಮ್ಮ ಕಾರಿನಲ್ಲಿ ಹಾಗೆ ಹೇಳುವವರು ಒಬ್ಬರೂ ಇರಲಿಲ್ಲ.